ಎರಡು ಹೆಸರಿನ ಹೋರಿ

“ಎರಡೂ ಹೋರಿಗೂ ಒಂದೇ ದಿನ ಎಡಗೊಂಬು ಮುರೀತಾ ಸಾರ್?”

ಅಜ್ಜಂಪುರ ಠಾಣೆಯ ಮೇಜಿನ ಮೇಲೆ ಸಬ್‌ಇನ್‌ಸ್ಪೆಕ್ಟರ್ ಮಾಲಿನಿ ಎರಡು ಹಾಳೆಗಳನ್ನು ಅಕ್ಕಪಕ್ಕ ಹರಡಿದ್ದಳು. ಫ್ಯಾನಿನ ಗಾಳಿಗೆ ಹಾರದಂತೆ ಒಂದರ ಮೇಲೆ ಸ್ಟೇಪ್ಲರ್, ಇನ್ನೊಂದರ ಮೇಲೆ ಅವಳ ಮೊಣಕೈ.

ತೀರ್ಥೇಶ್ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದ. ಮೊದಲ ಹಾಳೆಯ ತಲೆಯಲ್ಲಿ ‘ಚಿಗರಿ’ ಎಂದಿತ್ತು, ಎರಡನೆಯದರಲ್ಲಿ ‘ಬಾಣ’. ಎರಡೂ ಊರಿನ ಜಾನುವಾರು ಟ್ರಸ್ಟ್ ಸಾಕುತ್ತಿದ್ದ ಅಮೃತಮಹಲ್ ತಳಿಯ ಹೋರಿಗಳು, ಅವಳಿಗಳು. ತಾಯಿ ಒಂದೇ, ಹುಟ್ಟಿದ ದಿನ ಒಂದೇ. ತೂಕವೂ ತಿಂಗಳು ತಿಂಗಳು ಸರಿಸಮ. ಅವಳಿ ಅಲ್ಲವೇ, ಇರಬಹುದು ಎಂದುಕೊಳ್ಳೋಣ. ಆದರೆ ಜೂನ್ ಒಂಬತ್ತರಂದು ಚಿಗರಿಯ ಎಡಗೊಂಬಿನ ತುದಿ ಮುರಿದಿತ್ತು. ಅದೇ ದಿನ ಬಾಣದ ಎಡಗೊಂಬಿನ ತುದಿಯೂ ಮುರಿದಿತ್ತು.

“ಟ್ರಸ್ಟ್‌ನ ಗುಮಾಸ್ತ ಏನಂತಾನೆ?”

“ರವಿಕುಮಾರನಾ? ಎರಡೂ ಕಾದಾಡಿರ್ಬೇಕು ಅಂತಾನೆ. ಕಾದಾಡೋಕೆ ಬಾಣ ಇಲ್ಲಿರ್ಬೇಕಲ್ಲ? ಅದು ಜನವರಿಯಿಂದ ಸಖರಾಯಪಟ್ಟಣದ ತೋಟದಲ್ಲಿದೆ ಅಂತ ಬರ್ಕೊಟ್ಟವನೂ ಅವನೇ. ನಿನ್ನೆ ಹೋಗಿ ನೋಡ್ದೆ. ಗೂಟ ಇದೆ, ಹಗ್ಗ ಇದೆ. ಹೋರಿ ಮೇಯೋಕೆ ಹೋಗೈತೆ ಅಂದ್ರು. ಸಂಜೇವರೆಗೂ ಕೂತಿದ್ದೆ. ಬರ್ಲಿಲ್ಲ.”

ಬಾಗಿಲಾಚೆಯ ಬೆಂಚಿನ ಮೇಲೆ ಹಾಲಮ್ಮ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದಳು. ಆ ಹೋರಿಗಳನ್ನು ಕಾಯುತ್ತಿದ್ದ ಅವಳ ಗಂಡ ಲಕ್ಕಣ್ಣ ಕಾಣೆಯಾಗಿ ಅಂದಿಗೆ ಆರು ದಿನ.

ತೀರ್ಥೇಶ್ ಲ್ಯಾಪ್‌ಟಾಪ್ ತೆರೆದ. ತರೀಕೆರೆಯ ಕಾಲೇಜಿನಲ್ಲಿ ಅವನು ಕಂಪ್ಯೂಟರ್ ಮೇಷ್ಟ್ರು. ಪೊಲೀಸರಿಗೆ ಹಿಂದೆ ಎರಡು ಸಲ ನೆರವಾಗಿದ್ದ. ಇವತ್ತೂ ಮಾಲಿನಿ ಫೋನ್ ಮಾಡಿದ ಕೂಡಲೇ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಬಸ್ಸಿಗೇ ಬಂದಿದ್ದ. ಟ್ರಸ್ಟ್‌ನ ಕಂಪ್ಯೂಟರಿನಲ್ಲಿದ್ದ ಹೋರಿಗಳ ದಾಖಲೆಯ ಪ್ರೋಗ್ರಾಂ ಪೂರ್ತಿ ಅವನ ಬಳಿ ಪ್ರತಿಯಾಗಿ ಬಂದಿತ್ತು. ಲಿಸ್ಪ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ಸುತ್ತಲಿನ ಮೂರೂ ತಾಲ್ಲೂಕು ಜಾಲಾಡಿದರೂ ಆ ಭಾಷೆ ಚೆನ್ನಾಗಿ ಬಲ್ಲವರು ಬೆರಳೆಣಿಕೆಯಷ್ಟೂ ಸಿಗರು.

“ಮೇಡಂ, ಇಲ್ಲಿ ಒಂದೊಂದು ಹೋರಿಗೂ ಒಂದೊಂದು ಆಬ್ಜೆಕ್ಟ್ ಇರುತ್ತೆ, ಒಂದು ಪೆಟ್ಟಿಗೆ ಥರ. ಅದರೊಳಗೆ ಫೀಲ್ಡ್‌ಗಳು. ನೀವು ಖಾನೆ ಅನ್ಕೊಳ್ಳಿ. ತೂಕದ ಖಾನೆ, ತಾಯಿ ಖಾನೆ, ಕೊಂಬಿನ ಖಾನೆ. ಹೊಸ ಹೋರಿ ಬಂದ್ರೆ ‘ಮೇಕ್-ಇನ್‌ಸ್ಟೆನ್ಸ್’ ಅಂತ ಹೇಳಿ ಹೊಸ ಆಬ್ಜೆಕ್ಟ್ ಹುಟ್ಟಿಸ್ಬೇಕು. ಅದಕ್ಕೆ ಅದರದೇ ಖಾನೆಗಳು ಬರ್ತವೆ.”

“ಹೂಂ.”

“ಈಗ ನೋಡಿ. ಇದು ನನ್ನ ಪ್ರತಿ, ಅಸಲಿಗೆ ಏನೂ ಆಗಲ್ಲ. ಚಿಗರಿಯ ತೂಕ ತೆಗೆದು ಒಂದು ಕಿಲೋ ಅಂತ ಹಾಕ್ತೀನಿ. ಬಾಣನ್ನ ಮುಟ್ಟಿಲ್ಲ. ಆಯ್ತಾ? ಈಗ ಬಾಣದ ತೂಕ ಕೇಳೋಣ.”

ಅವನು ಕೀಲಿಗಳನ್ನು ಒತ್ತಿದ. ಪರದೆಯ ಮೇಲೆ (ತೂಕ ಬಾಣ) ಎಂಬ ಸಾಲು ಮೂಡಿತು. ಅದರ ಕೆಳಗೆ ಉತ್ತರ: ೧.

ಮಾಲಿನಿ ಹತ್ತಿರ ಬಗ್ಗಿದಳು.

“ನಾನು ಇಳಿಸಿದ್ದು ಚಿಗರಿಯ ತೂಕ. ಇಳಿದದ್ದು ಎರಡರದೂ. ಯಾಕಂದ್ರೆ ಇಲ್ಲಿ ಎರಡು ಆಬ್ಜೆಕ್ಟೇ ಇಲ್ಲ ಮೇಡಂ. ಮಾರ್ಚ್‌ ಹನ್ನೆರಡರವರೆಗೂ ಇತ್ತು. ಆವತ್ತು ಮಧ್ಯಾಹ್ನ ಯಾರೋ ಬಾಣ ಅನ್ನೋ ಹೆಸರನ್ನ ಬಿಚ್ಚಿ ತಂದು ಚಿಗರಿಗೆ ಕಟ್ಟಿದ್ದಾರೆ. ದನದ ಡಾಕ್ಟ್ರು ಚಿಗರಿಯ ಕೊಂಬು ಮುರಿದದ್ದನ್ನ ಬರೆದ್ರು, ಬಾಣದ ಹಾಳೇಲೂ ಅದು ಕಾಣಿಸ್ತು. ಹೋರಿ ಒಂದೇ, ಹೆಸರು ಎರಡು.”

ಬೆಂಚಿನ ಮೇಲಿದ್ದ ಹಾಲಮ್ಮ ಎದ್ದು ನಿಂತಳು. “ಅದ್ನೇ ಕಣವ್ವಾ ನಮ್ ಯಜಮಾನ್ರು ಅಂದಿದ್ದು! ಮಿಷನ್ನಾಗೆ ಎರಡವೆ, ಕೊಟ್ಟಿಗೇಲಿ ಒಂದೇ ಅದೆ ಅಂತ ಊಟ ಬಿಟ್ಟು ಕುಂತಿದ್ರು. ಮಾರನೇ ದಿನಾನೇ ಕಾಣದಂಗೆ ಹೋಗ್ಬಿಟ್ರು.”

“ಬಾಣ ಸತ್ತಿರ್ಬೇಕು,” ಎಂದ ತೀರ್ಥೇಶ್. “ಅದನ್ನ ಮುಚ್ಚಿಡೋಕೆ ಹೀಗೆ ಮಾಡಿದ್ದಾರೆ.”

ಹೇಳಿ ಮುಗಿಸಿ ಹಿಂದಕ್ಕೆ ಒರಗಿದ. ಇಂಥ ಗಳಿಗೆಯಲ್ಲಿ ಮಾಲಿನಿ ‘ಅಬ್ಬಾ ಸಾರ್’ ಎನ್ನುವುದು ರೂಢಿ. ಅದಕ್ಕಾಗಿ ಅವನು ಕಾದ.

“ಸರಿ. ಸ್ಪೂರ್ತಿಯವ್ರೂ ನಿನ್ನೆ ಇದನ್ನೇ ಹೇಳಿದ್ರು,” ಎಂದಳು ಮಾಲಿನಿ, ಹಾಳೆಗಳನ್ನು ಮಡಚುತ್ತ.

“ನಿನ್ನೆಯೇ?”

“ಫೋನಲ್ಲೇ. ಎರಡು ನಿಮಿಷ ಆಗಿರ್ಬೋದು. ಇನ್ನೊಬ್ರ ಬಾಯಲ್ಲೂ ಕೇಳಿ ಗಟ್ಟಿ ಮಾಡ್ಕೋಬೇಕಿತ್ತು, ಅದಕ್ಕೆ ನಿಮ್ಮನ್ನ ಕರೆಸ್ದೆ. ಕಾಫಿ ತರಿಸ್ಲಾ ಸಾರ್?”

ಅವನು ಲ್ಯಾಪ್‌ಟಾಪ್ ಮುಚ್ಚಿದ.

ಸ್ಪೂರ್ತಿ ಅವನ ಶಿಷ್ಯೆ. ಎಂಟು ವರ್ಷದ ಹಿಂದೆ, ಪಠ್ಯದಲ್ಲಿಲ್ಲದಿದ್ದರೂ ಲಿಸ್ಪ್ ಕಲಿಸುತ್ತೇನೆಂದು ಅವನು ಸಂಜೆ ತರಗತಿ ಇಟ್ಟಾಗ ಕೊನೆಯವರೆಗೂ ಉಳಿದವಳು ಅವಳೊಬ್ಬಳೇ. ಮೂರು ವಾರಕ್ಕೆಂದು ಅವನು ತಯಾರಿಸಿಕೊಂಡ ಪಾಠವನ್ನು ಒಂದು ಭಾನುವಾರ ಕೂತು ಮುಗಿಸಿ ಬಂದಿದ್ದಳು. ಆಗ ಹೆಮ್ಮೆಪಟ್ಟಿದ್ದ. ಹೆಮ್ಮೆ ಯಾವಾಗ ಹುಳಿಯಾಯಿತೋ ಅವನಿಗೇ ಗೊತ್ತಿಲ್ಲ.

ಗೊತ್ತಿಲ್ಲವೆಂದರೆ ಸುಳ್ಳು. ಗೊತ್ತಿತ್ತು. ಹೋರಿಗಳ ದಾಖಲೆಗೆ ಪ್ರೋಗ್ರಾಂ ಬೇಕೆಂದು ಟ್ರಸ್ಟ್‌ನವರು ಮೊದಲು ಬಂದದ್ದು ಅವನ ಹತ್ತಿರ. ಎರಡು ವರ್ಷ ತೊಡೆದು ಬರೆದ, ಬರೆದು ತೊಡೆದ, ಮುಗಿಯಲಿಲ್ಲ. ಅವರು ಸ್ಪೂರ್ತಿಗೆ ಕೊಟ್ಟರು. ನಾಲ್ಕೇ ತಿಂಗಳಲ್ಲಿ ಮುಗಿಸಿದಳು. ಅದೂ ಖಾನೆಗಳ ಹೆಸರನ್ನೆಲ್ಲ ಕನ್ನಡದಲ್ಲೇ ಇಟ್ಟು, ದನ ಕಾಯುವ ಲಕ್ಕಣ್ಣ ಓದಿ ತಿಳಿಯುವ ಹಾಗೆ. ಆ ಸರಳ ಉಪಾಯ ತನಗೇಕೆ ಹೊಳೆಯಲಿಲ್ಲ ಎಂದು ತೀರ್ಥೇಶ್ ಎಷ್ಟೋ ದಿನ ಸ್ನಾನದ ಮನೆಯಲ್ಲಿ ನಿಂತು ಯೋಚಿಸಿದ್ದ. ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ‘ನನ್ನ ಗುರುಗಳಿಗೆ ಋಣಿ’ ಎಂದಿದ್ದಳು. ಗುರುಗಳ ಹೆಸರು ಮಾತ್ರ ಇರಲಿಲ್ಲ.

“ಮೇಡಂ,” ಎಂದ. ತನ್ನ ದನಿ ಇಷ್ಟು ಮೆತ್ತಗೆ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. “ಹೆಸರು ಬದಲಾಯಿಸಿದ ಆ ಸಾಲು ಯಾರ ಲಾಗಿನ್‌ನಿಂದ ಬಂದಿದೆ ಅಂತ ಅವಳು ಹೇಳಿದ್ಲಾ?”

“ಇಲ್ಲ.”

“ಅವಳದೇ ಲಾಗಿನ್. ಆ ಸಾಲು ಬರೆಯೋ ಅಷ್ಟು ಲಿಸ್ಪ್ ಬರೋದು ಈ ಕಡೆ ಇಬ್ಬರಿಗೇ. ಒಬ್ಬ ನಾನು.”

ಮಾಲಿನಿ ಅವನ ಮುಖವನ್ನೇ ನೋಡಿದಳು. ಆಮೇಲೆ ಟೋಪಿ ಕೈಗೆತ್ತಿಕೊಂಡಳು.

“ಜೀಪ್ ತೆಗೀರಿ. ಶಿವನಿ ಊರಿಗೆ.”

*

ಶಿವನಿಯಲ್ಲಿ ಸ್ಪೂರ್ತಿಯ ಮನೆ ರೈಲ್ವೆ ಸ್ಟೇಷನ್ನಿಗೆ ಕೂಗಳತೆಯಲ್ಲಿತ್ತು. ಅಂಗಳದ ತುಂಬ ರಾಗಿ ಒಣಹಾಕಿತ್ತು. ಜಗುಲಿಯ ಮೇಲೆ ಒಂದು ಮೇಜು, ಲ್ಯಾಪ್‌ಟಾಪ್, ಅದರ ಪಕ್ಕ ಅರ್ಧ ಸುಲಿದ ಅವರೆಕಾಯಿ.

ತೀರ್ಥೇಶನನ್ನು ಕಂಡು ಸ್ಪೂರ್ತಿ ದಡಬಡಿಸಿ ಎದ್ದಳು. “ಸಾರ್! ನೀವು ಬತ್ತೀರ ಅಂತ ಗೊತ್ತಿದ್ರೆ… ಕೂತ್ಕೊಳ್ಳಿ ಸಾರ್. ಅತ್ತೇ, ಮಜ್ಜಿಗೆ ತತ್ತೀರಾ?”

ಆ ಸಡಗರ ಅವನನ್ನು ಇನ್ನಷ್ಟು ಚುಚ್ಚಿತು. ಅವಳ ಕಣ್ಣಲ್ಲಿ ಅಳುಕಿದ್ದರೆ ಎಷ್ಟು ಹಿತವಾಗಿರುತ್ತಿತ್ತು!

ಮಾಲಿನಿ ಕೂರಲಿಲ್ಲ. “ಮಾರ್ಚ್ ಹನ್ನೆರಡು, ಮಧ್ಯಾಹ್ನ ಎರಡೂ ನಲವತ್ತು. ನಿಮ್ ಲಾಗಿನ್‌ನಿಂದ ಬಾಣನ್ನ ಅಳಿಸಿದ್ದಾರೆ. ನಿನ್ನೆ ಯಾಕೆ ಹೇಳ್ಲಿಲ್ಲ?”

“ಹೇಳೋಕ್ಮುಂಚೆ ನಾನೇ ಪೂರ್ತಿ ನೋಡ್ಬೇಕಿತ್ತು ಮೇಡಂ. ಬೆಳಗಿಂದ ಅದನ್ನೇ ನೋಡ್ತಾ ಇದೀನಿ. ಆಫೀಸಿನ ಕಂಪ್ಯೂಟರಲ್ಲಿ ನನ್ ಪಾಸ್‌ವರ್ಡ್ ಒಂದು ಚೀಟೀಲಿ ಬರೆದು ಅಂಟಿಸಿದ್ರು. ಬೇಡ ಅಂದ್ರೂ ರವಿಕುಮಾರ್ ಅವ್ರು ಕೇಳ್ಲಿಲ್ಲ. ಯಾರ್ ಬೇಕಾದ್ರೂ ಕೂತು ಹೊಡೀಬೋದು.”

“ಯಾರ್ ಬೇಕಾದ್ರೂ ಹೊಡೀಬೋದು. ಆದ್ರೆ ಏನ್ ಹೊಡೀಬೇಕು ಅಂತ ಗೊತ್ತಿರ್ಬೇಕಲ್ಲ?”

“ಗೊತ್ತಿರ್ಲಿಲ್ಲ. ಕಲ್ತಿದ್ದಾರೆ. ಇಲ್ಲಿ ನೋಡಿ.”

ಅವಳು ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದಳು. ಟ್ರಸ್ಟ್‌ನ ಕಂಪ್ಯೂಟರಿನಲ್ಲಿ ಯಾರು ಏನು ಹೊಡೆದರೂ ಅದೆಲ್ಲ ಸಾಲು ಸಾಲಾಗಿ ದಾಖಲಾಗಿ, ಇಂಟರ್ನೆಟ್ ಮೂಲಕ ಆ ಕೂಡಲೇ ಇಲ್ಲೂ ಕಾಣಿಸುತ್ತಿತ್ತು.

“ಮಾರ್ಚ್ ಒಂದರಿಂದ ಹನ್ನೊಂದರವರೆಗೆ ದಿನಾ ಮಧ್ಯಾಹ್ನ ಯಾರೋ ಅಭ್ಯಾಸ ಮಾಡವ್ರೆ. ಹೋರಿ ಮುಟ್ಟಿಲ್ಲ. ಮಡಕೆ ಮಾಡವ್ರೆ.”

“ಮಡಕೆ?”

“ಮಡಕೆ ಅನ್ನೋ ಆಬ್ಜೆಕ್ಟ್. ಒಂದು ಮಡಕೆ ಹುಟ್ಸಿ, ಅದರ ಬಾಯಿ ಎಷ್ಟು ಅಂತ ಕೇಳವ್ರೆ, ಎತ್ತರ ಎಷ್ಟು ಅಂತ ಕೇಳವ್ರೆ. ಆಮೇಲೆ ಒಂದೇ ಮಡಕೆಗೆ ಇನ್ನೊಂದು ಹೆಸರು ಕೊಟ್ಟು, ಇದನ್ನ ಬದಲಾಯಿಸಿದ್ರೆ ಅದೂ ಬದಲಾಗುತ್ತಾ ಅಂತ ನೋಡವ್ರೆ. ಹನ್ನೊಂದು ದಿನ ಮಡಕೆ ಮೇಲೆ ಕಲ್ತು ಹನ್ನೆರಡನೇ ದಿನ ಹೋರಿ ಮೇಲೆ ಪ್ರಯೋಗ ಮಾಡವ್ರೆ.”

ಮಾಲಿನಿ ತಲೆಯಾಡಿಸಿದಳು. “ಕಲಿಯೋರ ಥರ ನೀವೇ ನಟಿಸಿರ್ಬೋದಲ್ಲ? ನಾಳೆ ತೋರಿಸೋಕೆ ಅಂತ?”

ಸ್ಪೂರ್ತಿಯ ಮುಖ ಬಿಳುಪಾಯಿತು. “ನಾನು ಬರೆಯೋ ರೀತೀನೇ ಬೇರೆ ಮೇಡಂ. ಒಂದೊಂದು ಖಾನೆಗೂ ನಾನು ಬಾಗಿಲು ಇಟ್ಟಿದೀನಿ. ಕೊಂಬು ನೋಡ್ಬೇಕಾ, ‘ಕೊಂಬು’ ಅಂತ ಕೇಳ್ಬೇಕು. ಬರೀಬೇಕಾ, ಡಾಕ್ಟ್ರ ಬಾಗಿಲಿಂದಾನೇ ಬರ್ಬೇಕು. ಇವ್ರು ಎಲ್ಲಾ ಕಡೆ ‘ಸ್ಲಾಟ್-ವ್ಯಾಲ್ಯೂ’ ಅಂತ ಹಾಕಿ ಹಂಚು ತೆಗೆದು ಒಳಗೆ ಇಳಿದಂಗೆ ಇಳಿದವ್ರೆ. ಹೊಸಬ್ರಿಗೆ ಮೊದ್ಲು ಹಂಗೇ ಹೇಳ್ಕೊಡೋದು. ನಾನು ಎಂಟು ವರ್ಷದಿಂದ ಹಂಗೆ ಬರ್ದಿಲ್ಲ.”

ಅವಳು ತೀರ್ಥೇಶನತ್ತ ತಿರುಗಿದಳು.

“ನೀವೇ ಹೇಳಿ ಸಾರ್. ನನ್ ಕೈಬರಹ ನಿಮಗೆ ಗೊತ್ತಿಲ್ವಾ?”

ಅವನು ಪರದೆಯನ್ನು ನೋಡುತ್ತಿದ್ದ. ಮಾರ್ಚ್ ಮೂರನೆಯ ತಾರೀಖಿನ ಸಾಲು. ಯಾರೋ ಮಡಕೆಯ ‘ಆಗಲ’ ಕೇಳಿದ್ದರು. ಅಗಲವಲ್ಲ, ಆಗಲ. ಅಂಥ ಖಾನೆಯೇ ಇಲ್ಲವೆಂದು ಕಂಪ್ಯೂಟರ್ ಗದರಿತ್ತು. ಮತ್ತೆ ಆಗಲ, ಮತ್ತೆ ಗದರಿಕೆ. ನಾಲ್ಕನೆಯ ಸಲಕ್ಕೆ ತಿದ್ದಿಕೊಂಡಿದ್ದರು.

ತೀರ್ಥೇಶ್ ಆ ಸಾಲನ್ನು ಮತ್ತೊಮ್ಮೆ ಓದಿದ.

ಆ ತಪ್ಪು ಅವನದು. ಹೋದ ವರ್ಷ ಕಡೂರಿನಲ್ಲಿ, ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಹನ್ನೊಂದು ಜನಕ್ಕೆ ಭಾನುವಾರ ಲಿಸ್ಪ್‌ನ ಮೊದಲ ಪಾಠ ಮಾಡಿದ್ದ. ನೀಲಿ ರಟ್ಟಿನ ಒಂದು ಪುಸ್ತಿಕೆ ಅಚ್ಚು ಹಾಕಿಸಿ ಹಂಚಿದ್ದ. ಅದರ ನಾಲ್ಕನೆಯ ಪುಟದಲ್ಲಿ ಮಡಕೆಯ ಉದಾಹರಣೆ. ‘ಅಗಲ’ ಇರಬೇಕಾದಲ್ಲಿ ‘ಆಗಲ’ ಎಂದು ಅಚ್ಚಾಗಿತ್ತು. ಯಾರೂ ಗಮನಿಸಿರಲಿಲ್ಲ, ಅವನೂ ತಿದ್ದಲು ಹೋಗಿರಲಿಲ್ಲ.

ಸ್ಪೂರ್ತಿ ಆ ಪುಸ್ತಿಕೆಯನ್ನು ಕಂಡೇ ಇಲ್ಲ. ಅವಳು ಕಲಿತದ್ದು ಕಪ್ಪು ಹಲಗೆಯ ಮೇಲೆ.

ಹನ್ನೊಂದು ಜನರಲ್ಲಿ ಒಬ್ಬರು. ಅಥವಾ ಅವರಿಂದ ಪುಸ್ತಿಕೆ ಪಡೆದ ಇನ್ನೊಬ್ಬರು. ಒಂದು ಮಾತು, ಒಂದೇ ಮಾತು ಹೇಳಿದರೆ ಈ ಹುಡುಗಿಯ ತಲೆಯ ಮೇಲಿನ ಭಾರ ಇಳಿಯುತ್ತಿತ್ತು.

“ಸಾರ್, ನಿಮಗೇನಾದ್ರೂ ಗುರುತು ಸಿಗ್ತಿದೆಯಾ?” ಮಾಲಿನಿ ಕೇಳಿದಳು.

ಸ್ಪೂರ್ತಿಯ ಅತ್ತೆ ಜವರಮ್ಮ ಮಜ್ಜಿಗೆಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸ್ಪೂರ್ತಿ ಅವನ ಬಾಯನ್ನೇ ನೋಡುತ್ತಿದ್ದಳು, ಹಿಂದೆ ಸಂಜೆ ತರಗತಿಯಲ್ಲಿ ನೋಡುತ್ತಿದ್ದ ಹಾಗೆಯೇ. ಅವಳ ಹಿಂದಿನ ಗೋಡೆಯ ಮೇಲೆ ಕಟ್ಟು ಹಾಕಿಸಿದ ಆ ಪತ್ರಿಕೆಯ ಫೋಟೋ ತೂಗುತ್ತಿತ್ತು.

ಎರಡು ನಿಮಿಷ ಆಗಿರ್ಬೋದು, ಎಂದಿದ್ದಳಲ್ಲ ಮಾಲಿನಿ.

“ಇಲ್ಲ,” ಎಂದ ತೀರ್ಥೇಶ್. “ಇದು ಹೊಸಬರ ಕೆಲಸವೋ, ಹೊಸಬರಂತೆ ತೋರಿಸಿದ್ದೋ, ಇದರಿಂದ ಹೇಳೋಕಾಗಲ್ಲ.”

ಮೇಜಿನ ಅಂಚು ಹಿಡಿದಿದ್ದ ಸ್ಪೂರ್ತಿಯ ಬೆರಳುಗಳು ಸಡಿಲಾದವು.

“ಸ್ಟೇಷನ್ನಿಗೆ ಬನ್ನಿ. ಹೇಳಿಕೆ ತಗೋಬೇಕು,” ಎಂದಳು ಮಾಲಿನಿ.

“ಏನ್ರವ್ವಾ ಇದು?” ಜವರಮ್ಮ ಅಡ್ಡ ಬಂದಳು. “ನಮ್ ಹುಡ್ಗಿ ಏನ್ ಮಾಡವ್ಳೆ? ಲಕ್ಕಣ್ಣ ಸಿಕ್ಲಿಲ್ಲ ಅಂತ ಮೂರು ದಿನದಿಂದ ಅನ್ನ ಮುಟ್ಟಿಲ್ಲ ಅವ್ಳು. ಏನ್ ಮೇಷ್ಟ್ರೇ, ನಿಮ್ ಹೆಸ್ರು ಹೇಳ್ದೆ ಒಂದ್ ದಿನ ದೀಪ ಹಚ್ಚಿದವ್ಳಲ್ಲ. ಪೇಪರ್‌ನೋರು ನಿಮ್ ಹೆಸ್ರು ಬಿಟ್ಬಿಟ್ರು ಅಂತ ಅವ್ರ ಮೇಲೆ ಜಗಳಕ್ಕೇ ಹೋಗಿದ್ಲು. ನೀವಾದ್ರೂ ಹೇಳ್ಬಾರ್ದಾ?”

ತೀರ್ಥೇಶ್ ಬಾಯಿ ತೆರೆದ. ಈಗ ಹೇಳಿದರೆ, ಒಂದು ನಿಮಿಷದ ಹಿಂದೆ ಯಾಕೆ ಹೇಳಲಿಲ್ಲ ಎಂದು ಮಾಲಿನಿ ಕೇಳುತ್ತಾಳೆ. ಬಾಯಿ ಮುಚ್ಚಿದ.

“ಇರ್ಲಿ ಅತ್ತೆ,” ಎಂದಳು ಸ್ಪೂರ್ತಿ. “ಸಾರ್‌ಗೆ ಗೊತ್ತಿಲ್ದೆ ಇರೋದನ್ನ ಅವ್ರು ಹೆಂಗೆ ಹೇಳ್ತಾರೆ?”

ಹೊರಡುವ ಮುನ್ನ ಮಾಲಿನಿ ಅವನತ್ತ ತಿರುಗಿದಳು. “ಸಾರ್, ನೀವು ಇಲ್ಲೇ ಕೂತು ಆ ಸಾಲುಗಳನ್ನೆಲ್ಲ ತಾರೀಖು ಪ್ರಕಾರ ಬರೆದಿಡಿ. ನಿಮ್ಮನ್ನ ಕರ್ಕೊಂಡ್ ಹೋಗೋಕೆ ಗಾಡಿ ಕಳಿಸ್ತೀನಿ.”

ಜೀಪು ರೈಲ್ವೆ ಗೇಟಿನ ಕಡೆ ಹೋಯಿತು. ಜವರಮ್ಮ ಮಜ್ಜಿಗೆಯ ಲೋಟವನ್ನು ಅವನ ಮುಂದೆ ಕುಕ್ಕಿ ಒಳಗೆ ಹೋದಳು.

ಅವನು ಸ್ಪೂರ್ತಿಯ ಕುರ್ಚಿಯಲ್ಲಿ ಕೂತ. ಅವಳ ಮೇಜು, ಅವಳ ಕೀಲಿಮಣೆ. ಇದೇ ಜಾಗ ತನಗೆ ಬೇಕಿತ್ತಲ್ಲವೇ? ಬರೆಯಲೆಂದು ಹಾಳೆ ಎಳೆದುಕೊಂಡ. ಪುಸ್ತಿಕೆ ಪಡೆದ ಹನ್ನೊಂದು ಜನರ ಮುಖಗಳನ್ನು ಒಂದೊಂದಾಗಿ ನೆನೆಯತೊಡಗಿದ. ಐದನೆಯವರವರೆಗೆ ಬಂದಿದ್ದ.

ಪರದೆಯ ತಳದಲ್ಲಿ ಏನೋ ಕದಲಿತು.

ಒಂದು ಹೊಸ ಸಾಲು. ತಾರೀಖು ಇವತ್ತಿನದು. ವೇಳೆ ಈಗಿನದು.

ತೀರ್ಥೇಶ್ ಕುರ್ಚಿಯಿಂದ ಅರ್ಧ ಎದ್ದ. ಟ್ರಸ್ಟ್‌ನ ಕಚೇರಿಗೆ ಮಾಲಿನಿ ಮೂರು ದಿನದ ಹಿಂದೆಯೇ ಬೀಗ ಜಡಿದು ಸೀಲು ಹಾಕಿದ್ದಳು. ಅಲ್ಲಿಂದ ಯಾರೂ ಹೊಡೆಯುವಂತಿರಲಿಲ್ಲ. ಸ್ಪೂರ್ತಿ ಜೀಪಿನಲ್ಲಿದ್ದಳು. ಬೇರೆಲ್ಲೋ ಕೂತು, ಇಂಟರ್ನೆಟ್ ಮೂಲಕ ಆ ಪಾಸ್‌ವರ್ಡ್ ಹಾಕಿ, ಯಾರೋ ಈಗ ಒಳಗೆ ಬಂದಿದ್ದರು.

ಇನ್ನೊಂದು ಸಾಲು ಬಿತ್ತು. ಪ್ರೋಗ್ರಾಮಿನಲ್ಲಿ ಈವರೆಗೆ ಇದ್ದ ವರ್ಗಗಳು ಹೋರಿ, ಹಸು, ಕರು, ಮತ್ತೆ ಆ ಅಭ್ಯಾಸದ ಮಡಕೆ. ಈಗ ಬಂದವರು ಹೊಸದೊಂದು ವರ್ಗ ಮಾಡಿದ್ದರು: ಮನುಷ್ಯ. ಅದಕ್ಕೆ ಎರಡೇ ಖಾನೆ. ಜೀವ, ಜಾಗ.

ಮೂರನೆಯ ಸಾಲಿನಲ್ಲಿ ಆ ವರ್ಗದ ಮೊದಲ ಆಬ್ಜೆಕ್ಟ್ ಹುಟ್ಟಿತು. ಅದಕ್ಕೆ ಕೊಟ್ಟ ಹೆಸರು, ಲಕ್ಕಣ್ಣ.

ಅಲ್ಲಿಗೆ ಸಾಲುಗಳು ನಿಂತವು. ಕರ್ಸರ್ ಮಿಣುಕುತ್ತ ಉಳಿಯಿತು, ಕೇಳುವುದಿದ್ದರೆ ಕೇಳು ಎಂಬಂತೆ.

ಫೋನ್ ತೆಗೆದು ಮಾಲಿನಿಗೆ ಹೇಳಬೇಕಿತ್ತು. ಹೇಳಿದರೆ ಜೀಪು ಅಲ್ಲೇ ನಿಲ್ಲುತ್ತದೆ, ಸ್ಪೂರ್ತಿ ತಲೆಯೆತ್ತಿ ಇಳಿಯುತ್ತಾಳೆ. ಅವನ ಕೈ ಫೋನಿನ ಮೇಲೆ ಒಂದು ಗಳಿಗೆ ಇತ್ತು. ಮೊದಲು ತಾನೇ ತಿಳಿಯಬೇಕು, ಈ ಒಂದನ್ನಾದರೂ ಅವಳಿಗಿಂತ ಮೊದಲು ತಾನೇ ತಿಳಿಯಬೇಕು ಎನ್ನಿಸಿ ಕೈ ಕೀಲಿಮಣೆಗೆ ಸರಿಯಿತು.

(ಜೀವ ಲಕ್ಕಣ್ಣ) ಎಂದು ಹೊಡೆದ.

ಉತ್ತರ ತಕ್ಷಣ ಬಂತು. “ಇದೆ. ನಾಳೆ ಮಧ್ಯಾಹ್ನದವರೆಗೆ.”

ದೂರದಲ್ಲಿ ರೈಲು ಕೂಗಿತು. ತೀರ್ಥೇಶ್ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒಂದೊಂದೇ ಅಕ್ಷರ ಹುಡುಕಿ ಎರಡನೆಯ ಪ್ರಶ್ನೆ ಕೇಳಿದ.

(ಜಾಗ ಲಕ್ಕಣ್ಣ)

“ತರೀಕೆರೆ. ತೀರ್ಥೇಶ್ ಮೇಷ್ಟ್ರ ಮನೆ.”

ಎರಡು ಸಲ ಓದಿದ. ಮೂರನೆಯ ಸಲ ಓದುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು.

“ಸಾರ್,” ಮಾಲಿನಿಯ ದನಿಯಲ್ಲಿ ಬೆಳಗಿನ ಸಲಿಗೆ ಇರಲಿಲ್ಲ. “ಅಲ್ಲಿ ಹೊಸ ಸಾಲು ಬಿದ್ರೆ ಸ್ಪೂರ್ತಿಯವ್ರ ಫೋನಿಗೂ ಬರುತ್ತೆ. ಈಗ ಬಂತು. ಪ್ರಶ್ನೆ, ಉತ್ತರ, ಎಲ್ಲಾ. ನಿಮ್ಮ ಮನೆಗೆ ತರೀಕೆರೆ ಠಾಣೆಯವ್ರನ್ನ ಕಳಿಸ್ತಿದೀನಿ. ಕೂತ ಜಾಗದಿಂದ ನೀವು ಅಲ್ಲಾಡ್ಬೇಡಿ.”

ರೈಲ್ವೆ ಗೇಟಿನ ಬಳಿ ಜೀಪು ಹಿಂದಕ್ಕೆ ತಿರುಗುತ್ತಿತ್ತು.